ಕೀಲಿ ಮುರಿದ ಮನೆಗೆ ಎರಡನೇ ಸಲ ಯಾರು ಬರುತ್ತಾರೆ?

ಏಪ್ರಿಲ್ ಬಂತು ಅಂದರೆ ಕಲಬುರಗಿಯ ಜನ ಮಾಳಿಗೆ ಹತ್ತುತ್ತಾರೆ. ಹಗಲಿಗೆ 40 ಡಿಗ್ರಿ ದಾಟುವ ಬಿಸಿಲು. ರಾತ್ರಿ ಕರೆಂಟ್ ಹೋದರೆ ಒಳಗೆ ಮಲಗಲು ಸಾಧ್ಯವೇ ಇಲ್ಲ. ಹಾಸಿಗೆ, ನೀರಿನ ತಂಬಿಗೆ, ಮಕ್ಕಳು, ಎಲ್ಲ ಮೇಲೆ. ಕೆಳಗೆ ಮುಂಬಾಗಿಲಿಗೆ ಒಂದು ಕೀಲಿ, ಹಿಂಬಾಗಿಲಿಗೆ ಒಂದು ಚಿಲಕ. ಗಾಳಿ ಬೀಸಿದ ರಾತ್ರಿ ನಿದ್ದೆಯೂ ಗಟ್ಟಿಯಾಗಿ ಬರುತ್ತದೆ.

ನಮ್ಮ ಮನೆಗೆ ಕಳ್ಳರು ಬಂದದ್ದು ಅಂಥ ಒಂದು ರಾತ್ರಿ. ಆರು ಜನ ಮಾಳಿಗೆ ಮೇಲೇ ಇದ್ದೆವು. ಯಾರಿಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ಅವ್ವ ಹಾಲು ತೆಗೆದುಕೊಳ್ಳಲು ಇಳಿದಳು. ಹಿಂಬಾಗಿಲು ತೆರೆದಿತ್ತು. ಅಲಮಾರಿಯ ಬಟ್ಟೆಯೆಲ್ಲ ನೆಲದ ಮೇಲೆ. ಅವಳ ಬಂಗಾರದ ಬೋರಮಾಳ ಸರ ಇರಲಿಲ್ಲ. ತಂಗಿಯ ಮದುವೆಗೆ ಅಂತ ಕೂಡಿಸಿಟ್ಟಿದ್ದ ದುಡ್ಡೂ ಇರಲಿಲ್ಲ.

ಅವತ್ತು ಇಡೀ ಓಣಿ ನಮ್ಮ ಮನೆಯಲ್ಲಿತ್ತು. ಪಂಚನಾಮೆ ಆಯಿತು. ಬೆರಳಚ್ಚಿನವರು ಬಂದರು. ಪೊಲೀಸ್ ನಾಯಿ ಮೂಲೆಯ ಕಿರಾಣಿ ಅಂಗಡಿಯವರೆಗೆ ಹೋಗಿ ನಿಂತುಬಿಟ್ಟಿತು. ಬಂದವರೆಲ್ಲ ಅವ್ವನಿಗೆ ಅದೇ ಪ್ರಶ್ನೆ ಕೇಳಿದರು. "ಎಷ್ಟ್ ತೊಲಿ ಹೋಯ್ತ್ರೀ?" "ಕೀಲಿ ಸರಿ ಹಾಕಿದ್ದಿಲ್ಲೇನು?" "ಲಾಕರ್‌ದಾಗ ಇಡಬೇಕಿತ್ತಲ್ಲ, ಅಕ್ಕಾ?" ಪ್ರತಿಯೊಂದು ಪ್ರಶ್ನೆಗೂ ಅವ್ವ ಸ್ವಲ್ಪ ಸ್ವಲ್ಪ ಕುಗ್ಗಿದಳು. ಸಂಜೆಗೆ ಎಲ್ಲರೂ ಹೋದರು. ಮೂರನೇ ದಿನದಿಂದ ಯಾರೂ ಈ ಕಡೆ ತಲೆ ಹಾಕಲಿಲ್ಲ.

ಐದು ವಾರ ಕಳೆದ ಮೇಲೆ ಕಳ್ಳರು ಮತ್ತೆ ಬಂದರು. ಅದೇ ಹಿಂಬಾಗಿಲು. ಬಡಗಿ ಹೊಸ ಚಿಲಕ ಹಾಕಿದ್ದ, ಆದರೆ ಅದೇ ಹಳೇ ಚೌಕಟ್ಟಿಗೆ. ಈ ಸಲ ತಂಗಿಯ ಲ್ಯಾಪ್‌ಟಾಪ್ ಹೋಯಿತು. ಅವ್ವನ ನಿದ್ದೆಯೂ ಹೋಯಿತು. ಆ ಬೇಸಿಗೆ ಪೂರ್ತಿ ನಾವೆಲ್ಲ ಮೇಲೆ ಮಲಗಿದರೆ ಅವಳೊಬ್ಬಳು ಆ ಸೆಕೆಯಲ್ಲಿ ಕೆಳಗೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದಳು.

ಒಂದು ಸಲ ಕಳವಾದರೆ ನಾವು ಏನು ಅಂದುಕೊಳ್ಳುತ್ತೇವೆ? ಪೀಡೆ ಕಳೆಯಿತು, ಇನ್ನು ಇತ್ತ ಬರಲ್ಲ ಅಂತ, ಅಲ್ವಾ? ಅದು ತಪ್ಪು. ಒಮ್ಮೆ ಕಳವಾದ ಮನೆಗೆ ಮತ್ತೆ ಕಳ್ಳ ಬರುವ ಸಾಧ್ಯತೆ ಬೇರೆ ಮನೆಗಳಿಗಿಂತ ಜಾಸ್ತಿ. ಮೊದಲ ಕೆಲವು ವಾರಗಳಲ್ಲಂತೂ ಇನ್ನೂ ಜಾಸ್ತಿ. ಯೋಚಿಸಿ ನೋಡಿದರೆ ಕಾರಣ ಕಷ್ಟದ್ದಲ್ಲ. ಒಳಗೆ ಯಾವ ಕೋಣೆ ಎಲ್ಲಿದೆ ಅಂತ ಅವನಿಗೆ ಈಗ ಗೊತ್ತು. ಯಾವ ಬಾಗಿಲು ಸಡಿಲ ಅಂತ ಗೊತ್ತು. ಹೋದ ಸಾಮಾನಿನ ಜಾಗಕ್ಕೆ ಹೊಸದು ಬಂದಿರುತ್ತದೆ ಅಂತಲೂ ಗೊತ್ತು.

ಇದನ್ನು ಇಟ್ಟುಕೊಂಡು ಇಂಗ್ಲೆಂಡಿನಲ್ಲಿ ಒಂದು ಕೆಲಸ ನಡೆಯಿತು. ಮ್ಯಾಂಚೆಸ್ಟರ್ ಹತ್ತಿರದ ರಾಚ್‌ಡೇಲ್ ಊರಿನಲ್ಲಿ ಕರ್ಕ್‌ಹೋಲ್ಟ್ ಅಂತ ಒಂದು ಕಾಲೋನಿ. ದುಡಿಯುವ ಜನ, ಸರಕಾರಿ ಬಾಡಿಗೆ ಮನೆಗಳು. 1980ರ ದಶಕದಲ್ಲಿ ಅಲ್ಲಿ ಮನೆಗಳ್ಳತನ ವಿಪರೀತ ಆಗಿತ್ತು. ಪೊಲೀಸರು, ಸಂಶೋಧಕರು ಸೇರಿ ಇಡೀ ಕಾಲೋನಿಯನ್ನು ಕಾಯಲು ಹೋಗದೆ, ಕಳವಾದ ಮನೆಗಳನ್ನು ಮೊದಲು ಹಿಡಿದರು. ಆ ಮನೆಯ ಬಾಗಿಲು ಕಿಟಕಿ ಭದ್ರ ಮಾಡಿದರು. ಆಮೇಲೆ ಅದರ ಸುತ್ತಲಿನ ಸುಮಾರು ಆರು ಮನೆಗಳಿಗೆ ಹೋಗಿ, ಈ ಮನೆಯ ಮೇಲೆ ಸ್ವಲ್ಪ ದಿನ ಕಣ್ಣಿಡಿ ಅಂತ ಕೇಳಿಕೊಂಡರು. ಮನೆಯೊಳಗೆ ನಾಣ್ಯ ಹಾಕಿ ಗ್ಯಾಸು, ಕರೆಂಟು ಪಡೆಯುವ ಮೀಟರುಗಳಿದ್ದವು. ಕಳ್ಳರು ಅವನ್ನು ಒಡೆದು ದುಡ್ಡು ಒಯ್ಯುತ್ತಿದ್ದರು. ಆ ಮೀಟರುಗಳನ್ನೂ ತೆಗೆಸಿದರು. ಐದು ತಿಂಗಳಲ್ಲಿ ಕಳ್ಳತನ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮೂರು ವರ್ಷಕ್ಕೆ ಮೊದಲಿದ್ದುದರ ಕಾಲು ಭಾಗಕ್ಕೆ ಬಂತು.

ಆರು ಮನೆ. ನಾನು ಇದನ್ನು ಓದಿದಾಗ ಎದ್ದು ಹೊರಗೆ ಬಂದು ನಮ್ಮ ಓಣಿ ನೋಡಿದೆ. ಎಡಕ್ಕೆ ಎರಡು, ಬಲಕ್ಕೆ ಎರಡು, ಎದುರಿಗೆ ಒಂದು, ಹಿಂದೆ ಒಂದು. ಲೆಕ್ಕ ಸರಿಯಾಗಿತ್ತು. ಆದರೆ ಆರರಲ್ಲಿ ನಾಲ್ಕು ಮನೆಯವರ ಫೋನ್ ನಂಬರ್ ನಮ್ಮ ಹತ್ತಿರ ಇರಲಿಲ್ಲ.

ಬ್ರಹ್ಮಪುರದಂಥ ಹಳೇ ಓಣಿಗಳಲ್ಲಿ ಇನ್ನೂ ಮನೆ ಮುಂದೆ ಕಟ್ಟೆ ಇದೆ. ಸಂಜೆ ಕಟ್ಟೆ ಮೇಲೆ ಕೂತ ಮುದುಕರು ಹಾದುಹೋಗುವ ಪ್ರತಿಯೊಬ್ಬರನ್ನೂ ಮಾತಾಡಿಸುತ್ತಾರೆ. "ಎಲ್ಲಿ ಹೊಂಟೀರಿ, ಎಂದ್ ಬರ್ತೀರಿ?" ನನಗೆ ಮೊದಲು ಈ ಪ್ರಶ್ನೆ ಕಿರಿಕಿರಿ ಅನ್ನಿಸುತ್ತಿತ್ತು. ಈಗ ಅದರ ಬೆಲೆ ತಿಳಿದಿದೆ. ರಿಂಗ್ ರೋಡ್ ದಾಟಿ ಬೆಳೆದ ನಮ್ಮ ಹೊಸ ಬಡಾವಣೆಗಳಲ್ಲಿ ಕಟ್ಟೆ ಇಲ್ಲ. ಎತ್ತರದ ಕಾಂಪೌಂಡ್, ಪಕ್ಕದಲ್ಲಿ ಖಾಲಿ ಸೈಟು, ಸೈಟಿನ ತುಂಬ ಜಾಲಿ. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದ್. ಮನೆಯಲ್ಲಿ ಇಬ್ಬರೇ ವಯಸ್ಸಾದವರು. ಅವರೂ ಮದುವೆಗೆ, ಗಾಣಗಾಪುರಕ್ಕೆ ಅಂತ ಹೋದರೆ ಮನೆ ಖಾಲಿ.

ಲಾರೆನ್ಸ್ ಕೊಹೆನ್, ಮಾರ್ಕಸ್ ಫೆಲ್ಸನ್ ಅಂತ ಇಬ್ಬರು ಅಮೆರಿಕದ ಸಂಶೋಧಕರು 1979ರಲ್ಲೇ ಇದನ್ನು ಹೇಳಿದ್ದರು. ಕದಿಯುವ ಮನಸ್ಸಿನವನು, ಕದಿಯಲು ಏನಾದರೂ ವಸ್ತು, ನೋಡುವವರು ಯಾರೂ ಇಲ್ಲದ ಹೊತ್ತು. ಈ ಮೂರೂ ಕೂಡಿದಾಗ ಕಳವು ಆಗುತ್ತದೆ. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಸ್ವಲ್ಪ ಇದೆ, ಬಂಗಾರ ಬ್ಯಾಂಕಿನಲ್ಲಿಡಬಹುದು. ಮೂರನೆಯದು ಪೂರ್ತಿ ನಮ್ಮ ಓಣಿಯ ಕೈಯಲ್ಲಿದೆ.

ಕ್ಯಾಮೆರಾ ಬೇಡ ಅಂತ ನಾನು ಹೇಳುವುದಿಲ್ಲ. ನಾವೂ ಹಾಕಿಸಿದ್ದೇವೆ. ಆದರೆ ಕ್ಯಾಮೆರಾ ಬಹಳ ಸಲ ಬೆಳಿಗ್ಗೆ ನೋಡಲಿಕ್ಕೆ ಮಾತ್ರ. ರಾತ್ರಿ ಎರಡು ಗಂಟೆಗೆ ಸಪ್ಪಳ ಕೇಳಿ ಲೈಟ್ ಹಚ್ಚುವುದು ಪಕ್ಕದ ಮನೆಯವರೇ.

ಅಕ್ಕಪಕ್ಕದವರು ಮಾಡಬೇಕಾದ್ದು ಬಹಳ ಸಣ್ಣ ಕೆಲಸ. ಊರಿಗೆ ಹೋದವರ ಗೇಟಿನ ಮುಂದೆ ಬಿದ್ದ ಪೇಪರ್ ಎತ್ತಿಡುವುದು. ಸಂಜೆ ಹೊರಗಿನ ಲೈಟ್ ಹಾಕುವುದು. ಬೆಳಿಗ್ಗೆ ನಮ್ಮ ಅಂಗಳಕ್ಕೆ ನೀರು ಹಾಕುವಾಗ ಅವರ ಅಂಗಳಕ್ಕೂ ಒಂದು ಚೆಂಬು ಚೆಲ್ಲಿ ಎರಡು ಗೆರೆ ರಂಗೋಲಿ ಎಳೆಯುವುದು. ನಮ್ಮ ಕಡೆ ಮನೆಯಲ್ಲಿ ಯಾರೂ ಇಲ್ಲ ಅಂತ ಸಾರಿ ಹೇಳುವುದು ಕೀಲಿಗಿಂತ ಮೊದಲು ಒಣಗಿದ ಅಂಗಳ.

ಒಂದು ಮಾತು ಮಾತ್ರ ಇಲ್ಲಿ ಒತ್ತಿ ಹೇಳಬೇಕು. ಕಣ್ಣಿಡುವುದು ಬೇರೆ, ಸಂಶಯ ಪಡುವುದು ಬೇರೆ. 2018ರ ಜುಲೈನಲ್ಲಿ ನಮ್ಮ ಪಕ್ಕದ ಬೀದರ್ ಜಿಲ್ಲೆಯಲ್ಲಿ ಏನಾಯಿತು ನೆನಪಿದೆಯಾ? ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಓಡಿತು. ಔರಾದ್ ಕಡೆಯ ಮುರ್ಕಿಯಲ್ಲಿ ಜನ ಅಡ್ಡಗಟ್ಟಿ ಹೊಡೆದರು. ಹೈದರಾಬಾದಿನ ಒಬ್ಬ ಯುವಕ ಸತ್ತೇಹೋದ. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿದ್ದವು. ಹೊಡೆದವರು ತಮ್ಮ ಮಕ್ಕಳನ್ನು ಕಾಯುತ್ತಿದ್ದೇವೆ ಅಂದುಕೊಂಡಿದ್ದರು. ಅದಕ್ಕೇ ನನಗೆ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಗುಜರಿಯವರ, ಚಾದರ ಮಾರುವವರ ಫೋಟೋ ತೆಗೆದು "ಹುಷಾರ್" ಅಂತ ಹಾಕುವವರನ್ನು ಕಂಡರೆ ಭಯ ಆಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಕಣ್ಣು ಮನೆಯ ಬಾಗಿಲ ಮೇಲಿರಲಿ. ಬಾಗಿಲು ಒಡೆಯುವುದು ಕಂಡರೆ 112ಕ್ಕೆ ಫೋನ್ ಮಾಡಿ, ಲೈಟ್ ಹಚ್ಚಿ, ಕೂಗಿ. ಹಿಡಿಯುವುದು, ಹೊಡೆಯುವುದು ನಮ್ಮ ಕೆಲಸವಲ್ಲ.

ದೂರು ಕೊಡಿ. ಹೋದದ್ದು ಬರಲ್ಲ, ಸುಮ್ನೆ ಠಾಣೆಗೆ ಯಾಕೆ ಅಲೆಯುವುದು ಅಂತ ಎರಡನೇ ಸಲ ನಮ್ಮ ಅಪ್ಪ ದೂರು ಕೊಡಲು ಒಪ್ಪಲಿಲ್ಲ. ನಾನು ಹಟ ಹಿಡಿದೆ. ಮನೆ ಒಡೆದು ಕದಿಯುವಂಥ ಗಂಭೀರ ಅಪರಾಧದ ದೂರು ಕೊಟ್ಟರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಪ್ರತಿ ಉಚಿತವಾಗಿ ಕೊಡಬೇಕು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ, ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತಲೂ ಇದೆ. ನಾವು ಬರೆಸದಿದ್ದರೆ ನಮ್ಮ ಓಣಿಯಲ್ಲಿ ಕಳ್ಳತನ ಆಗಿಯೇ ಇಲ್ಲ ಅಂತ ಲೆಕ್ಕ. ರಾತ್ರಿ ಗಸ್ತು ಎಲ್ಲಿ ಬೇಕು ಅಂತ ತಿಳಿಯಲು ಆ ಲೆಕ್ಕ ಬೇಕು. ಬಂಗಾರದ ರಸೀದಿ, ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ವಸ್ತು ಸಿಕ್ಕಾಗ ನಿಮ್ಮದೇ ಅಂತ ತೋರಿಸಲು ಬೇಕಾಗುತ್ತದೆ.

ಹೋದ ವರ್ಷ ನಮ್ಮ ಓಣಿಯ ತುದಿಮನೆಯ ಕೀಲಿ ಮುರಿಯಿತು. ಅವ್ವ ಮೊದಲ ದಿನ ಹೋಗಲಿಲ್ಲ. "ಇವತ್ತ ಎಲ್ಲಾರೂ ಹೋಗ್ತಾರ" ಅಂದಳು. ನಾಲ್ಕನೇ ದಿನ ಹೋದಳು. ಎಷ್ಟು ಹೋಯಿತು ಅಂತ ಕೇಳಲಿಲ್ಲ. ಹಿಂಬಾಗಿಲ ಚೌಕಟ್ಟು ಅಲುಗಾಡಿಸಿ ನೋಡಿದಳು. ಬಡಗಿಯನ್ನು ಕರೆಸಿ ಚೌಕಟ್ಟು ಸಮೇತ ಬದಲಾಯಿಸಲು ಹೇಳಿದಳು. ಆಮೇಲೆ ಅಕ್ಕಪಕ್ಕದ ಐದು ಮನೆಗೆ ಆ ಮನೆಯ ಅಕ್ಕನನ್ನು ಕರೆದುಕೊಂಡೇ ಹೋಗಿ ಫೋನ್ ನಂಬರ್ ಬರೆಸಿಕೊಟ್ಟಳು. ಎರಡು ತಿಂಗಳು ರಾತ್ರಿ ಮಾಳಿಗೆ ಹತ್ತುವ ಮೊದಲು ಅವರ ಗೇಟಿನವರೆಗೆ ನಡೆದು ಬರುತ್ತಿದ್ದಳು.

ಮುಂದಿನ ತಿಂಗಳು ಆ ಅಕ್ಕ ಮಗಳ ಬಾಣಂತನಕ್ಕೆ ಪುಣೆಗೆ ಹೊರಟಿದ್ದಾರೆ. ಅವರ ಮನೆಯ ಇನ್ನೊಂದು ಕೀಲಿಕೈ ನಮ್ಮ ಅಡುಗೆಮನೆಯ ಮೊಳೆಗೆ ತೂಗುಹಾಕಿದೆ. ರಂಗೋಲಿ ಪುಡಿಯನ್ನೂ ಕೊಟ್ಟು ಹೋಗುತ್ತೇನೆ ಅಂದಿದ್ದಾರೆ.