ಬೆಳಗಿನ ಜಾವದ ಮಿಂಚಂಚೆ

ಕೇಳುಗರೇ, ನಮಸ್ಕಾರ.

2023ರ ಜನವರಿ 20, ಶುಕ್ರವಾರ. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಗೂಗಲ್ ಕಂಪನಿಯ ಮುಖ್ಯಸ್ಥ ಸುಂದರ್ ಪಿಚೈ ಅವರಿಂದ ಉದ್ಯೋಗಿಗಳಿಗೆಲ್ಲ ಒಂದು ಮಿಂಚಂಚೆ ಬಂತು. ಸುಮಾರು 12,000 ಹುದ್ದೆಗಳನ್ನು ಕಡಿತ ಮಾಡುತ್ತಿದ್ದೇವೆ, ಈ ಸ್ಥಿತಿಗೆ ತಂದ ನಿರ್ಧಾರಗಳ ಪೂರ್ಣ ಹೊಣೆ ನನ್ನದು ಎಂದು ಅವರು ಬರೆದಿದ್ದರು. ಅಮೆರಿಕದಲ್ಲಿ ಕೆಲಸ ಕಳೆದುಕೊಂಡವರಿಗೆ ಪ್ರತ್ಯೇಕ ಪತ್ರ ಆಗಲೇ ಹೋಗಿತ್ತು. ಆದರೆ ಆ ಪತ್ರ ಕಣ್ಣಿಗೆ ಬೀಳುವ ಮೊದಲೇ ಕೆಲವರಿಗೆ ವಿಷಯ ತಿಳಿದುಹೋಗಿತ್ತು. ಕಚೇರಿಯ ಖಾತೆ ತೆರೆಯುತ್ತಿರಲಿಲ್ಲ. ನಿನ್ನೆಯವರೆಗೆ ಬಾಗಿಲು ತೆರೆದುಕೊಡುತ್ತಿದ್ದ ಗುರುತಿನ ಚೀಟಿಯನ್ನು ಬಾಗಿಲು ಒಪ್ಪುತ್ತಿರಲಿಲ್ಲ. ತಮ್ಮ ತಂಡದಲ್ಲಿ ಯಾರು ಉಳಿದರು, ಯಾರು ಹೋದರು ಎಂಬುದು ಎಷ್ಟೋ ಮಂದಿ ಮೇಲಧಿಕಾರಿಗಳಿಗೇ ಗೊತ್ತಿರಲಿಲ್ಲ.

ಹತ್ತು ಹದಿನೈದು ವರ್ಷ ಒಂದೇ ಸಂಸ್ಥೆಯಲ್ಲಿ ದುಡಿದವರು ಇವರಲ್ಲಿ ಇದ್ದರು. ನಮ್ಮ ಕಡೆ ಒಬ್ಬ ಗುಮಾಸ್ತರು ನಿವೃತ್ತರಾದರೂ ಒಂದು ಹಾರ, ನಾಲ್ಕು ಮಾತು, ಒಂದು ಲೋಟ ಕಾಫಿ ಇರುತ್ತದೆ. ಪಕ್ಕದ ಮೇಜಿನವರಿಗೆ ‘ಹೋಗಿ ಬರುತ್ತೇನೆ’ ಎಂದು ಹೇಳುವ ಅವಕಾಶವೂ ಇಲ್ಲದೆ ಇವರ ಅನ್ನದ ಋಣ ತೀರಿತು. ಪರಿಹಾರವೇನೋ ಸಣ್ಣದಾಗಿರಲಿಲ್ಲ. ಅಮೆರಿಕದಲ್ಲಿ ಕನಿಷ್ಠ 60 ದಿನಗಳ ನೋಟಿಸ್ ಅವಧಿಯ ವೇತನ, ಅದರ ಮೇಲೆ 16 ವಾರಗಳ ಸಂಬಳ, ದುಡಿದ ಪ್ರತಿ ವರ್ಷಕ್ಕೆ ಇನ್ನೆರಡು ವಾರಗಳದ್ದು. ಹಣದ ವಿಷಯದಲ್ಲಿ ಕೈ ಬಿಗಿ ಹಿಡಿಯದ ಕಂಪನಿ, ಎದುರು ಕುಳಿತು ಮಾತನಾಡುವ ಐದು ನಿಮಿಷಗಳನ್ನು ಮಾತ್ರ ಕೊಡಲಿಲ್ಲ. ಇದು ನನ್ನನ್ನು ಇಂದಿಗೂ ಕಾಡುತ್ತದೆ.

ಕಂಪನಿ ಕಷ್ಟದಲ್ಲಿತ್ತೇ? ಅದರ ಮಾತೃಸಂಸ್ಥೆ ಆಲ್ಫಾಬೆಟ್‌ಗೆ 2022ರಲ್ಲಿ ಬಂದ ನಿವ್ವಳ ಲಾಭ ಸುಮಾರು 60 ಬಿಲಿಯನ್ ಡಾಲರ್. ಹಿಂದಿನ ವರ್ಷದ 76 ಬಿಲಿಯನ್‌ಗೆ ಹೋಲಿಸಿದರೆ ಇಳಿಕೆ, ನಿಜ. ಆದರೆ ಅದನ್ನು ನಷ್ಟ ಎನ್ನಲಾಗದು. ಕೋವಿಡ್ ಕಾಲದಲ್ಲಿ ಜಗತ್ತೆಲ್ಲ ಪರದೆಯ ಮುಂದೆ ಕುಳಿತಾಗ ವ್ಯವಹಾರ ಹೀಗೆಯೇ ಬೆಳೆಯುತ್ತಲೇ ಇರುತ್ತದೆ ಎಂದು ನಂಬಿ ಕಂಪನಿ ಕಣ್ಣುಮುಚ್ಚಿ ನೇಮಕ ಮಾಡಿಕೊಂಡಿತ್ತು. 2019ರ ಕೊನೆಗೆ 1,18,899 ಇದ್ದ ಉದ್ಯೋಗಿಗಳ ಸಂಖ್ಯೆ 2022ರ ಕೊನೆಗೆ 1,90,234ಕ್ಕೆ ಮುಟ್ಟಿತು. ಆ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಹೂಡಿಕೆ ಸಂಸ್ಥೆ ಟಿಸಿಐ, ಜನ ಹೆಚ್ಚಾಗಿದ್ದಾರೆ, ಸಂಬಳ ವಿಪರೀತವಾಗಿದೆ ಎಂದು ಪಿಚೈ ಅವರಿಗೆ ಬಹಿರಂಗವಾಗಿ ಪತ್ರ ಬರೆಯಿತು. ಎರಡು ತಿಂಗಳಲ್ಲಿ ಕಡಿತ ಬಂತು. ಅದಾದ ಮೂರೇ ತಿಂಗಳಲ್ಲಿ, ಏಪ್ರಿಲಿನಲ್ಲಿ, 70 ಬಿಲಿಯನ್ ಡಾಲರ್‌ವರೆಗೆ ತನ್ನದೇ ಷೇರುಗಳನ್ನು ಮರಳಿ ಕೊಳ್ಳಲು ಆಲ್ಫಾಬೆಟ್ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿತು. ಲೆಕ್ಕ ತಪ್ಪಿದ್ದು ಮೇಲೆ ಕುಳಿತವರದು, ಮನೆಗೆ ಹೋದವರು ಬೇರೆಯವರು. ಉಳಿದುಕೊಂಡ ನೌಕರರ ಒಳಗೂ ಕುದಿಯುತ್ತಿದ್ದದ್ದು ಇದೇ.

ಬೆಂಕಿಯ ಝಳ ನಮ್ಮ ಮನೆಗಳಿಗೂ ತಟ್ಟಿತು. ಅಮೆರಿಕದ ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಎಚ್‌-1ಬಿ ವೀಸಾದ ಮೇಲೆ ಇರುವವರು ಅನೇಕರು. ಆ ವೀಸಾ ನಿಂತಿರುವುದೇ ಉದ್ಯೋಗದ ಮೇಲೆ. ನೌಕರಿಯ ಕೊನೆಯ ದಿನದಿಂದ ಸಾಮಾನ್ಯವಾಗಿ 60 ದಿನಗಳೊಳಗೆ ಹೊಸ ಉದ್ಯೋಗದಾತರು ಸಿಗಬೇಕು, ಇಲ್ಲವೇ ಬೇರೆ ಬಗೆಯ ವೀಸಾಕ್ಕೆ ಅರ್ಜಿ ಹಾಕಬೇಕು, ಅದೂ ಇಲ್ಲವೆಂದರೆ ದೇಶ ಬಿಡಬೇಕು. ಮಕ್ಕಳು ಅಲ್ಲಿಯೇ ಹುಟ್ಟಿ ಅಲ್ಲಿನ ಪೌರರಾಗಿರುತ್ತಾರೆ. ಹೆತ್ತವರಿಗೆ ಮಾತ್ರ ಎರಡು ತಿಂಗಳ ಗಡುವು. ಮನೆಯ ಸಾಲದ ಕಂತು, ಮಗಳ ಶಾಲೆ, ಗ್ರೀನ್ ಕಾರ್ಡಿಗಾಗಿ ಕಾದ ವರ್ಷಗಳು, ಎಲ್ಲವೂ ಆ ಅರವತ್ತು ದಿನಗಳಲ್ಲಿ ತೀರ್ಮಾನವಾಗಬೇಕು. ಇದನ್ನೆಲ್ಲ ಇಲ್ಲಿರುವ ತಂದೆತಾಯಿಗೆ ಹೇಗೆ ಹೇಳುವುದು ಎಂಬ ಸಂಕಟ ಬೇರೆ.

ಪಿಚೈ ಅವರ ಪತ್ರದಲ್ಲಿ ಇನ್ನೊಂದು ಮಾತಿತ್ತು, ಅದನ್ನು ಹೆಚ್ಚು ಜನ ಗಮನಿಸಲಿಲ್ಲ. ಬೇರೆ ದೇಶಗಳಲ್ಲಿ ಸ್ಥಳೀಯ ಕಾನೂನು ಮತ್ತು ಪದ್ಧತಿಗಳಿಂದಾಗಿ ಈ ಪ್ರಕ್ರಿಯೆಗೆ ಹೆಚ್ಚು ಸಮಯ ಹಿಡಿಯುತ್ತದೆ ಎಂಬುದು ಆ ಮಾತು. ಜರ್ಮನಿ, ಫ್ರಾನ್ಸ್‌ಗಳಲ್ಲಿ ಸಾಮೂಹಿಕ ಕಡಿತಕ್ಕೆ ಮೊದಲು ಕಾರ್ಮಿಕರ ಪ್ರತಿನಿಧಿಗಳ ಜೊತೆ ಕುಳಿತು ಮಾತನಾಡಲೇಬೇಕು. ಅದೇ ಕಂಪನಿ, ಅದೇ ಆಡಳಿತ. ಕಾನೂನು ಕೇಳಿದ ಕಡೆ ಮಾತುಕತೆ, ಕೇಳದ ಕಡೆ ಬೆಳಗಿನ ಜಾವದ ಮಿಂಚಂಚೆ.

ಗೂಗಲ್ ನೌಕರರಿಗೆ ಒಟ್ಟಾಗಿ ನಿಲ್ಲುವುದು ಹೊಸದೇನೂ ಆಗಿರಲಿಲ್ಲ. 2018ರ ನವೆಂಬರಿನಲ್ಲಿ, ಲೈಂಗಿಕ ಕಿರುಕುಳದ ಆರೋಪ ಹೊತ್ತ ಹಿರಿಯ ಅಧಿಕಾರಿಗೆ ಕಂಪನಿ ಭಾರಿ ಮೊತ್ತ ಕೊಟ್ಟು ಕಳುಹಿಸಿತ್ತೆಂಬ ವರದಿ ಬಂದಾಗ, ಜಗತ್ತಿನಾದ್ಯಂತ ಸುಮಾರು 20,000 ಮಂದಿ ಕೆಲಸ ಬಿಟ್ಟು ಹೊರನಡೆದಿದ್ದರು. 2021ರ ಜನವರಿಯಲ್ಲಿ ಆಲ್ಫಾಬೆಟ್ ಕಾರ್ಮಿಕರ ಸಂಘ ಹುಟ್ಟಿತು. 2023ರ ಮಾರ್ಚ್‌ನಲ್ಲಿ ಸಾವಿರಕ್ಕೂ ಹೆಚ್ಚು ನೌಕರರು ಪಿಚೈ ಅವರಿಗೆ ಬಹಿರಂಗ ಪತ್ರ ಬರೆದರು. ಅದನ್ನು ಓದಿದಾಗ ನನಗೆ ತಟ್ಟಿದ್ದು, ಅವರು ಕೇಳಿದ್ದು ಎಷ್ಟು ಕಡಿಮೆ ಎಂಬುದೇ. ಬಾಣಂತನದ ರಜೆಯಲ್ಲಿರುವವರ ರಜೆ ಮುಗಿಯಲು ಬಿಡಿ. ಹೊಸಬರನ್ನು ತೆಗೆದುಕೊಳ್ಳುವಾಗ ಕೆಲಸ ಕಳೆದುಕೊಂಡವರನ್ನು ಮೊದಲು ಕರೆಯಿರಿ. ಕಡ್ಡಾಯವಾಗಿ ಕಳುಹಿಸುವ ಮೊದಲು, ತಾವಾಗಿಯೇ ಹೋಗಲು ಸಿದ್ಧರಿರುವವರು ಯಾರು ಎಂದು ಕೇಳಿ.

ಆ ವರ್ಷದ ಡಿಸೆಂಬರಿನಲ್ಲಿ ನೌಕರರ ಸಭೆಯೊಂದರಲ್ಲಿ, ಸುದ್ದಿ ತಿಳಿಸಿದ ರೀತಿ ಸರಿಯಿರಲಿಲ್ಲವೆಂದು ಪಿಚೈ ಒಪ್ಪಿಕೊಂಡದ್ದಾಗಿ ವರದಿಯಾಯಿತು. ಕಡಿತಗಳು ಅಲ್ಲಿಗೆ ನಿಲ್ಲಲಿಲ್ಲ. 2024ರ ಜನವರಿಯಲ್ಲಿ ಮತ್ತೆ ನೂರಾರು ಹುದ್ದೆಗಳು ಹೋದವು. ಆದರೆ 2025ರ ಜನವರಿಯಲ್ಲಿ, ಆಂಡ್ರಾಯ್ಡ್ ಮತ್ತು ಪಿಕ್ಸೆಲ್ ಫೋನುಗಳನ್ನು ನೋಡಿಕೊಳ್ಳುವ ವಿಭಾಗದ ಅಮೆರಿಕದ ನೌಕರರ ಮುಂದೆ ಕಂಪನಿ ಸ್ವಯಂ ನಿವೃತ್ತಿಯಂಥ ಒಂದು ಯೋಜನೆ ಇಟ್ಟಿತು: ಹೋಗಲು ಮನಸ್ಸಿರುವವರು ಪರಿಹಾರ ಪಡೆದು ಹೋಗಬಹುದು. ಎರಡು ವರ್ಷಗಳ ಹಿಂದೆ ನೌಕರರು ಬರೆದ ಪತ್ರದಲ್ಲಿ ಕೇಳಿದ್ದು ಇದನ್ನೇ.

ನಮಸ್ಕಾರ.