ನೂರು ಬುರುಡೆ ದೀಪ, ನೂರು ಎದೆಬಡಿತ

ಕೇಳುಗರಿಗೆ ನಮಸ್ಕಾರ.

ಮೆಕ್ಸಿಕೋ ದೇಶದ ಪ್ವೆಬ್ಲಾ ಎಂಬ ಊರಿನಲ್ಲಿ ಲಾ ಕಾನ್‌ಸ್ಟಾನ್ಸಿಯಾ ಅಂತ ಒಂದು ಹಳೆಯ ಬಟ್ಟೆ ಗಿರಣಿಯಿದೆ. 1835ರಲ್ಲಿ ಶುರುವಾದದ್ದು. ಆ ದೇಶದಲ್ಲಿ ಯಂತ್ರದಿಂದ ನೂಲು ತೆಗೆದ ಮೊದಮೊದಲ ಗಿರಣಿಗಳಲ್ಲಿ ಒಂದು. 2006ರಲ್ಲಿ ಆ ಗಿರಣಿಯೊಳಗೆ ಒಂದು ಕಲಾಕೃತಿಗಾಗಿ ನೂರು ಬುರುಡೆ ದೀಪಗಳನ್ನು ಸಾಲುಸಾಲಾಗಿ ತೂಗುಹಾಕಿದರು. ಎಲ್‌ಇಡಿ ಅಲ್ಲ, ಗಾಜಿನೊಳಗೆ ತಂತಿ ಕೆಂಪಗೆ ಕಾದು ಬೆಳಗುವ ಹಳೆಯ ಕಾಲದ ಬಲ್ಬುಗಳು. ಒಂದು ಕಡೆ ಲೋಹದ ಎರಡು ಹಿಡಿಗಳಿರುವ ಒಂದು ಸ್ಟ್ಯಾಂಡು.

ನೀವು ಅಲ್ಲಿಗೆ ಹೋಗಿದ್ದೀರಿ ಅಂದುಕೊಳ್ಳಿ. ಎರಡೂ ಕೈಯಿಂದ ಹಿಡಿಗಳನ್ನು ಹಿಡಿದುಕೊಳ್ಳುತ್ತೀರಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಸೆನ್ಸರ್ ನಿಮ್ಮ ನಾಡಿಯನ್ನು ಹುಡುಕುತ್ತಿರುತ್ತದೆ. ಸಿಕ್ಕ ಕೂಡಲೇ ನಿಮಗೆ ಹತ್ತಿರದ ದೀಪ ನಿಮ್ಮ ಎದೆ ಬಡಿದಂತೆಯೇ ಹೊತ್ತಿ ಆರಿ, ಹೊತ್ತಿ ಆರಿ ಮಿಡಿಯತೊಡಗುತ್ತದೆ. ಹಿಡಿ ಬಿಟ್ಟಿರೋ, ಇಡೀ ಕೋಣೆ ಕತ್ತಲು. ಮತ್ತೆ ದೀಪಗಳು ಹೊತ್ತಿಕೊಂಡಾಗ ನಿಮ್ಮ ಬಡಿತ ಸಾಲಿನ ಮೊದಲ ದೀಪಕ್ಕೆ ಹೋಗಿ ಸೇರಿರುತ್ತದೆ. ನಿಮಗಿಂತ ಮುಂಚೆ ಬಂದವರ ಬಡಿತಗಳೆಲ್ಲ ಒಂದೊಂದು ದೀಪ ಮುಂದಕ್ಕೆ ಸರಿದಿರುತ್ತವೆ. ಕಟ್ಟಕಡೆಯ ದೀಪದಲ್ಲಿದ್ದವರ ಬಡಿತ ಹೊರಗೆ ಬಿದ್ದು ಹೋಗಿರುತ್ತದೆ. ನಿಮಗೆ ಜಾಗ ಸಿಕ್ಕಿದ್ದು ಅವರು ಬಿಟ್ಟುಕೊಟ್ಟದ್ದರಿಂದ. ನಿಮ್ಮ ನಂತರ ನೂರು ಜನ ಬಂದರೆ ನೀವೂ ಹೊರಗೆ.

ಈ ಕೃತಿಯ ಹೆಸರು ಪಲ್ಸ್ ರೂಮ್, ನಾಡಿಯ ಕೋಣೆ. ಮಾಡಿದವರು ರಫಾಯೆಲ್ ಲೊಸಾನೊ-ಹೆಮ್ಮರ್. ಮೆಕ್ಸಿಕೋ ನಗರದಲ್ಲಿ 1967ರಲ್ಲಿ ಹುಟ್ಟಿ, ಕೆನಡಾದಲ್ಲಿ ರಸಾಯನಶಾಸ್ತ್ರ ಓದಿ, ಮಾಂಟ್ರಿಯಲ್‌ನಲ್ಲಿ ನೆಲೆ ನಿಂತವರು. ಹೆಂಡತಿ ಅವಳಿ ಮಕ್ಕಳ ಬಸುರಿಯಾಗಿದ್ದಾಗ ಅವರು ವೈದ್ಯರ ಹತ್ತಿರ ಒಂದಲ್ಲ, ಎರಡು ಅಲ್ಟ್ರಾಸೌಂಡ್ ಯಂತ್ರ ಕೇಳಿದರಂತೆ. ಎರಡೂ ಕೂಸುಗಳ ಎದೆಬಡಿತವನ್ನು ಒಟ್ಟಿಗೇ ಕೇಳಬೇಕು ಅನ್ನುವ ಆಸೆ. ಎರಡು ಲಯ ಕೂಡಿ, ಬೇರ್ಪಟ್ಟು, ಮತ್ತೆ ಕೂಡುವುದನ್ನು ಕೇಳಿದ ಆ ಅನುಭವದಿಂದ ಈ ಕೋಣೆ ಹುಟ್ಟಿತು. ಪ್ರತಿಯೊಬ್ಬ ಮನುಷ್ಯನ ಆಯುಷ್ಯವೂ ಒಂದೊಂದು ಉರಿಯುವ ಮೇಣದಬತ್ತಿಯಾಗಿ ಕಾಣುವ 1960ರ ಒಂದು ಮೆಕ್ಸಿಕನ್ ಚಲನಚಿತ್ರದ ನೆನಪೂ ಅದರಲ್ಲಿ ಸೇರಿದೆ. ಇನ್ನೊಂದು ಸಂಗತಿ ಹೇಳಲೇಬೇಕು. ಯಂತ್ರ, ಪ್ರಾಣಿ ಎರಡೂ ತಮ್ಮನ್ನು ತಾವು ನಿಯಂತ್ರಿಸಿಕೊಳ್ಳುವ ಬಗೆಯನ್ನು ವಿವರಿಸುವ ಸೈಬರ್ನೆಟಿಕ್ಸ್ ಶಾಸ್ತ್ರದ ಬೇರು ಒಂದು ಮೆಕ್ಸಿಕೋದಲ್ಲೇ ಇದೆ. 1940ರ ದಶಕದಲ್ಲಿ ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್, ಮೆಕ್ಸಿಕೋದ ರಾಷ್ಟ್ರೀಯ ಹೃದ್ರೋಗ ಸಂಸ್ಥೆಯಲ್ಲಿ ಶರೀರಶಾಸ್ತ್ರಜ್ಞ ಆರ್ತುರೋ ರೋಸೆನ್‌ಬ್ಲೂತ್ ಅವರ ಜೊತೆ ಕೂತು ಹೃದಯದ ಸ್ನಾಯುವಿನ ಬಗ್ಗೆ ಕೆಲಸ ಮಾಡಿದ್ದರು. ಗಿರಣಿಯಲ್ಲಿ ಮಿಡಿದ ಆ ದೀಪಗಳ ಹಿಂದೆ ಈ ಚರಿತ್ರೆಯೂ ಇದೆ.

ಈಗ ನಮ್ಮ ಕಡೆ ನೋಡೋಣ. ಎಷ್ಟೋ ಜನರ ಮಣಿಕಟ್ಟಿನಲ್ಲಿ ನಾಡಿ ಎಣಿಸುವ ವಾಚು ಇದೆ. ಎಷ್ಟು ಹೆಜ್ಜೆ ನಡೆದಿರಿ, ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಎಲ್ಲವೂ ಲೆಕ್ಕಕ್ಕೆ ಸಿಕ್ಕುತ್ತದೆ. ಆದರೆ ಆ ಲೆಕ್ಕ ಎಲ್ಲಿಗೆ ಹೋಗುತ್ತದೆ, ಯಾರ ಪಕ್ಕದಲ್ಲಿ ಕೂರುತ್ತದೆ, ಎಷ್ಟು ವರ್ಷ ಉಳಿಯುತ್ತದೆ ಅಂತ ನಮಗೆ ಯಾರೂ ಹೇಳುವುದಿಲ್ಲ. ಅದೇ ನಾಡಿಯನ್ನು ಲೊಸಾನೊ-ಹೆಮ್ಮರ್ ಪಡೆದುಕೊಂಡಾಗ ಕೊಟ್ಟವರು ಅಲ್ಲೇ ನಿಂತು ಅದನ್ನು ನೋಡುತ್ತಾರೆ. ಪಕ್ಕದ ದೀಪ ಯಾರದೋ ಅಜ್ಜಿಯದು, ಅದರಾಚೆಯದು ಓಡಿ ಬಂದು ಏದುಸಿರು ಬಿಡುತ್ತಿದ್ದ ಒಬ್ಬ ಹುಡುಗನದು ಇರಬಹುದು. ಯಾರ ಹೆಸರೂ ಅಲ್ಲಿ ಬರೆದಿರುವುದಿಲ್ಲ. ಸಂಗ್ರಹಿಸಿದ ಮಾಹಿತಿ ಹತ್ತು ಜನ ಹಂಚಿಕೊಳ್ಳುವ ಅನುಭವವಾಗುವುದು ಹೀಗೆ ಅಂತ ನನ್ನ ನಂಬಿಕೆ: ಕೊಟ್ಟವರ ಕಣ್ಣೆದುರಿಗೇ, ಇತರರ ಜೊತೆಗೆ. ಎಷ್ಟು ದಿನ ಉಳಿಯುತ್ತದೆ ಅನ್ನುವುದೂ ಎಲ್ಲರಿಗೂ ಗೊತ್ತಿರಬೇಕು.

ಜಪಾನಿನ ಸೆಟೊ ಒಳಸಮುದ್ರದಲ್ಲಿ ತೆಷಿಮಾ ಅನ್ನುವ ಪುಟ್ಟ ದ್ವೀಪವಿದೆ. ಹಿಂದೆ ಕೈಗಾರಿಕೆಗಳ ಕಸವನ್ನು ಅಕ್ರಮವಾಗಿ ತಂದು ಸುರಿದು ಹಾಳುಗೆಡವಿದ್ದ ಜಾಗ ಅದು, ಊರಿನವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಅಲ್ಲಿ ಫ್ರಾನ್ಸಿನ ಕಲಾವಿದ ಕ್ರಿಸ್ತಿಯಾನ್ ಬೋಲ್ಟಾನ್‌ಸ್ಕಿ 2010ರಲ್ಲಿ ಎದೆಬಡಿತಗಳ ಒಂದು ಸಂಗ್ರಹಾಲಯವನ್ನೇ ತೆರೆದರು. 2008ರಿಂದಲೇ ಊರೂರಲ್ಲಿ ಬಡಿತಗಳನ್ನು ಧ್ವನಿಮುದ್ರಿಸಿಕೊಳ್ಳುತ್ತ ಬಂದಿದ್ದರು. ಕತ್ತಲೆಯ ಕೋಣೆಯಲ್ಲಿ ಒಂದೇ ಒಂದು ಬಲ್ಬು, ಗೋಡೆ ನಡುಗುವಷ್ಟು ಜೋರಾಗಿ ಯಾರದೋ ಎದೆಯ ಸದ್ದು. ಬೇಕಾದರೆ ನಿಮ್ಮದನ್ನೂ ಮುದ್ರಿಸಿ ಅಲ್ಲಿ ಬಿಟ್ಟು ಬರಬಹುದು. ಮೆಕ್ಸಿಕೋದ ಕೋಣೆ ಮರೆಯುತ್ತದೆ, ಜಪಾನಿನದು ಮರೆಯುವುದಿಲ್ಲ. 2021ರಲ್ಲಿ ಬೋಲ್ಟಾನ್‌ಸ್ಕಿ ತೀರಿಕೊಂಡರು, ಸಂಗ್ರಹ ಉಳಿದಿದೆ. ತೀರಿಹೋದವರ ಬಡಿತ ಕೇಳಲೆಂದೇ ಅಷ್ಟು ದೂರ ದೋಣಿ ಹತ್ತಿ ಹೋಗುವುದು ಒಂದು ಯಾತ್ರೆಯೇ ಸರಿ. ಎರಡರಲ್ಲಿ ನನಗೆ ಹೆಚ್ಚು ಹಿಡಿಸುವುದು ಮರೆಯುವ ಕೋಣೆ. ಹಿಂದೆ ಬರುವವರಿಗಾಗಿ ಸರಿದು ನಿಲ್ಲುವುದನ್ನು ಅದು ಕೃತಿಯ ಒಳಗೇ ಕಟ್ಟಿಕೊಂಡಿದೆ.

ಎಲ್ಲ ಕೃತಿಗಳೂ ಹೀಗೆ ಕೇಳಿ ಪಡೆದುಕೊಳ್ಳುವುದಿಲ್ಲ. ಸಂಖ್ಯಾಶಾಸ್ತ್ರಜ್ಞ ಮಾರ್ಕ್ ಹ್ಯಾನ್ಸನ್, ಧ್ವನಿ ಕಲಾವಿದ ಬೆನ್ ರೂಬಿನ್ ಸೇರಿ ಅಮೆರಿಕದಲ್ಲಿ ಮಾಡಿದ ಲಿಸನಿಂಗ್ ಪೋಸ್ಟ್ 231 ಪುಟ್ಟ ಪರದೆಗಳ ಒಂದು ಜಾಲ. ಇಂಟರ್ನೆಟ್ಟಿನ ಚಾಟ್ ರೂಮುಗಳಲ್ಲಿ ಜನ ಆಡುತ್ತಿದ್ದ ಮಾತುಗಳನ್ನು ಹೆಕ್ಕಿ ಪರದೆಗಳ ಮೇಲೆ ಹರಿಸಿ, ಯಂತ್ರದ ಧ್ವನಿಯಲ್ಲಿ ಓದಿಸುತ್ತದೆ. ‘ನಾನು’ ಅಂತ ಶುರುವಾಗುವ ವಾಕ್ಯಗಳನ್ನಷ್ಟೇ ಆರಿಸಿ ಕೇಳಿಸುವ ಒಂದು ಭಾಗವಿದೆ. ಅಷ್ಟು ಜನ ಅಪರಿಚಿತರು ಒಬ್ಬರಾದ ಮೇಲೊಬ್ಬರು ತಾವು ಯಾರು ಅಂತ ಹೇಳಿಕೊಳ್ಳುವುದು ಮೈ ಜುಮ್ಮೆನ್ನಿಸುವಂಥದ್ದು. 2004ರಲ್ಲಿ ಆಸ್ಟ್ರಿಯಾದ ಆರ್ಸ್ ಎಲೆಕ್ಟ್ರಾನಿಕಾ ಎಂಬ ಎಲೆಕ್ಟ್ರಾನಿಕ್ ಕಲೆಯ ಉತ್ಸವದಲ್ಲಿ ದೊಡ್ಡ ಪ್ರಶಸ್ತಿ ಅದಕ್ಕೆ ಬಂತು. ಬರಲೇಬೇಕಾಗಿತ್ತು. ಆದರೂ ಆ ಮಾತು ಆಡಿದವರು ಆ ಕೋಣೆಯಲ್ಲಿ ಇರಲಿಲ್ಲ, ತಮ್ಮ ಮಾತು ಗ್ಯಾಲರಿಗೆ ಬಂದಿದೆ ಅಂತ ಅವರಿಗೆ ತಿಳಿದೂ ಇರಲಿಲ್ಲ. ಇದು ನನ್ನನ್ನು ಕಾಡುತ್ತದೆ.

ಕಡೆಯದಾಗಿ ಫಿನ್ಲೆಂಡಿನ ಹೆಲ್ಸಿಂಕಿಗೆ ಹೋಗೋಣ. ಊರ ನಡುವೆಯೇ ಸಾಲ್ಮಿಸಾರಿ ಅನ್ನುವ, 2025ರವರೆಗೆ ಕಲ್ಲಿದ್ದಲು ಸುಡುತ್ತಿದ್ದ ವಿದ್ಯುತ್ ಸ್ಥಾವರ. 2008ರ ಫೆಬ್ರವರಿ ಕೊನೆಯ ವಾರದ ರಾತ್ರಿಗಳಲ್ಲಿ ಅದರ ಚಿಮಣಿಯಿಂದ ಏಳುವ ಹಬೆಯ ಮೇಲೆ ಹೆಲೆನ್ ಇವಾನ್ಸ್, ಹೈಕೊ ಹ್ಯಾನ್ಸನ್ ಎಂಬ ಇಬ್ಬರು ಕಲಾವಿದರು ಹಸಿರು ಲೇಸರ್ ಬಿಟ್ಟು ಮೋಡದ ಅಂಚನ್ನು ಬರೆದರು. ಕೃತಿಯ ಹೆಸರು ನ್ಯುವಾಜ್ ವೇರ್, ಹಸಿರು ಮೋಡ. ಸುತ್ತಲಿನ ಮನೆಗಳು ಆ ಗಳಿಗೆಯಲ್ಲಿ ಎಷ್ಟು ಕರೆಂಟು ಉಪಯೋಗಿಸುತ್ತಿವೆ ಅನ್ನುವ ಲೆಕ್ಕ ನೇರವಾಗಿ ಆ ಲೇಸರಿಗೆ ಹೋಗುತ್ತಿತ್ತು. ಉಪಯೋಗ ಕಮ್ಮಿಯಾದಷ್ಟೂ ಆಕಾಶದ ಹಸಿರು ಹಿಗ್ಗುತ್ತಿತ್ತು. ಇದೊಂದು ಜಾಣ ತಿರುವು. ಕಮ್ಮಿ ಸುಟ್ಟವರಿಗೆ ಹೆಚ್ಚು ಕಾಣಿಸಬೇಕು ಅಂತ ಅವರು ನಿರ್ಧರಿಸಿದ್ದರು.

ನಮಗೆ ಬರುವ ಕರೆಂಟ್ ಬಿಲ್ಲಿನಲ್ಲೂ ಇದೇ ಲೆಕ್ಕವಿದೆ. ಆದರೆ ಅದು ತಿಂಗಳು ಕಳೆದ ಮೇಲೆ ಬರುತ್ತದೆ, ಮನೆಯೊಳಗೇ ಉಳಿಯುತ್ತದೆ. ಹೆಲ್ಸಿಂಕಿಯಲ್ಲಿ ಅದು ಆ ಕ್ಷಣದಲ್ಲೇ ಎಲ್ಲರ ತಲೆಯ ಮೇಲಿತ್ತು. ಅದೂ ಒಂದು ಮನೆಯದಲ್ಲ, ಇಡೀ ಬಡಾವಣೆಯದು. ಹಾಗಾಗಿ ಯಾರನ್ನೂ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಕೊನೆಯ ದಿನ, ಫೆಬ್ರವರಿ 29ರ ಸಂಜೆ 7ರಿಂದ 8ರವರೆಗೆ ಒಂದು ಗಂಟೆ, ಕೈಲಾದಷ್ಟು ಸ್ವಿಚ್ಚುಗಳನ್ನು ಆರಿಸಿ ಅಂತ ಆ ಬಡಾವಣೆಯವರನ್ನು ಕೇಳಿಕೊಂಡಿದ್ದರು. ಜನ ಆರಿಸಿದರು. ಚಳಿಗಾಲದ ಕತ್ತಲಲ್ಲಿ ಹಸಿರು ಮೋಡ ದೊಡ್ಡದಾಗುತ್ತ ಹೋಯಿತು, ಅದನ್ನು ದೊಡ್ಡದು ಮಾಡಿದವರು ತಲೆಯೆತ್ತಿ ನೋಡಿದರು.

ನಮಸ್ಕಾರ.