ಆಮಂತ್ರಣವಿಲ್ಲದೆ ಬಂದವರು

ಸಭಿಕರೇ,

ಕೆನಡಾದಲ್ಲಿ ನವೆಂಬರ್ 11 ಯುದ್ಧದಲ್ಲಿ ಮಡಿದವರನ್ನು ಸ್ಮರಿಸುವ ದಿನ. 1918ರಲ್ಲಿ ಮೊದಲ ಮಹಾಯುದ್ಧದ ಕದನವಿರಾಮ ಜಾರಿಗೆ ಬಂದ ಗಳಿಗೆಯ ನೆನಪಿಗೆ ಬೆಳಿಗ್ಗೆ ಹನ್ನೊಂದಕ್ಕೆ ಎರಡು ನಿಮಿಷ ಮೌನ, ತುತ್ತೂರಿ, ಹೂಚಕ್ರ, ಗಣ್ಯರ ಸಾಲು. ಸರ್ಕಾರಿ ಸಮಾರಂಭಗಳು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ, ಅದನ್ನು ವಿಸ್ತರಿಸುವುದಿಲ್ಲ. ಆಮಂತ್ರಣ ಪತ್ರಿಕೆಯ ಹಂಗಿಲ್ಲದೆ ಬಂದು ನಿಂತ ಜನರ ಬಗ್ಗೆ ಇಂದು ಮಾತನಾಡುತ್ತೇನೆ.

ಅಫ್ಘಾನಿಸ್ತಾನದಲ್ಲಿ 158 ಕೆನಡಾ ಸೈನಿಕರು ಸತ್ತರು. ಅವರ ಪಾರ್ಥಿವ ಶರೀರಗಳು ಒಂಟಾರಿಯೊ ಪ್ರಾಂತ್ಯದ ಟ್ರೆಂಟನ್ ವಾಯುನೆಲೆಯಲ್ಲಿ ಇಳಿದು, ಮರಣೋತ್ತರ ಪರೀಕ್ಷೆಗಾಗಿ ಟೊರಾಂಟೊಗೆ ಹೋಗುತ್ತಿದ್ದವು. ದಾರಿ 401ನೇ ಹೆದ್ದಾರಿ, ಸುಮಾರು 170 ಕಿಲೋಮೀಟರ್. 2002ರಲ್ಲಿ ಮೊದಲ ಶವವಾಹನಗಳು ಹೊರಟಾಗಲೇ ಕೆಲವರು ಮೇಲ್ಸೇತುವೆಗಳ ಮೇಲೆ ಬಂದು ನಿಂತರು. ಯಾರೂ ಕರೆದಿರಲಿಲ್ಲ. ಬರಬರುತ್ತ ಅಗ್ನಿಶಾಮಕ ದಳದವರು ತಮ್ಮ ವಾಹನಗಳನ್ನು ಸೇತುವೆಯ ಮೇಲೆ ನಿಲ್ಲಿಸಿ ಸೆಲ್ಯೂಟ್ ಹೊಡೆಯತೊಡಗಿದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆತಾಯಿಯರು, ಮುದುಕರಾದ ಮಾಜಿ ಯೋಧರು, ಎಲ್ಲರೂ ಬಂದರು. ಕೊರೆಯುವ ಚಳಿಯಲ್ಲಿ, ಕೆಳಗೆ ಕೆಲವೇ ಕ್ಷಣಗಳಲ್ಲಿ ಹಾದುಹೋಗುವ ವಾಹನಕ್ಕಾಗಿ ಗಂಟೆಗಟ್ಟಲೆ ಕಾದರು. ಆ ಹಾದಿಗೆ ‘ವೀರರ ಹೆದ್ದಾರಿ’ ಎಂದು ಸರ್ಕಾರ ಅಧಿಕೃತವಾಗಿ ಹೆಸರಿಟ್ಟದ್ದು 2007ರಲ್ಲಿ, ಜನ ಸೇತುವೆ ಹತ್ತಿ ಐದು ವರ್ಷಗಳಾದ ಮೇಲೆ.

ರಾಜಧಾನಿ ಒಟ್ಟಾವದ ರಾಷ್ಟ್ರೀಯ ಯುದ್ಧಸ್ಮಾರಕದಲ್ಲೂ ಹೀಗೆಯೇ ಆಯಿತು. ಮೊದಲ ಮಹಾಯುದ್ಧದ ರಣಭೂಮಿಯಾದ ಫ್ರಾನ್ಸಿನ ವಿಮಿ ದಿಬ್ಬದ ಸಮೀಪದ ಸ್ಮಶಾನದಿಂದ ತಂದ ಅಜ್ಞಾತ ಸೈನಿಕನ ಅವಶೇಷವನ್ನು 2000ದ ಮೇ ತಿಂಗಳಲ್ಲಿ ಅಲ್ಲಿ ಸಮಾಧಿ ಮಾಡಲಾಯಿತು. ಅದೇ ವರ್ಷದ ನವೆಂಬರ್ 11ರ ಸಮಾರಂಭ ಮುಗಿದ ಮೇಲೆ ಜನ ಎದೆಯ ಎಡಭಾಗದಲ್ಲಿ ಮಡಿದವರ ನೆನಪಿಗೆ ಧರಿಸಿದ್ದ ಕೆಂಪು ಪಾಪಿ (ಗಸಗಸೆ) ಹೂವಿನ ಬಿಲ್ಲೆಗಳನ್ನು ಬಿಚ್ಚಿ ಸಮಾಧಿಯ ಮೇಲಿಟ್ಟರು. ಯಾವ ಕಾರ್ಯಕ್ರಮ ಪಟ್ಟಿಯಲ್ಲೂ ಅದು ಇರಲಿಲ್ಲ. ಈಗ ಅದು ಪ್ರತಿವರ್ಷದ ಪದ್ಧತಿ.

ಹಾಗೆಂದು ಸರ್ಕಾರ ಮಾಡಿದ್ದೆಲ್ಲ ಬರೀ ಶಿಷ್ಟಾಚಾರವೆಂದು ತಳ್ಳಿಹಾಕಲಾರೆ. ಸಂಸತ್ ಭವನದ ಸ್ಮರಣಾ ಗ್ರಂಥಗಳಲ್ಲಿ ಮಡಿದವರ ಹೆಸರುಗಳಿವೆ. ದಿನವೂ ಪುಟ ತಿರುವಿ, ಪ್ರತಿಯೊಂದು ಹೆಸರೂ ವರ್ಷಕ್ಕೊಮ್ಮೆಯಾದರೂ ಬೆಳಕು ಕಾಣುವಂತೆ ಮಾಡಿದ್ದಾರೆ. ಸಾಸ್ಕಾಚೆವಾನ್ ಮತ್ತು ಮ್ಯಾನಿಟೋಬ ಪ್ರಾಂತ್ಯಗಳು ತಮ್ಮ ಸಾವಿರಾರು ಕೆರೆ, ದ್ವೀಪ, ಕೊಲ್ಲಿಗಳಿಗೆ ಸತ್ತ ಸೈನಿಕರ ಹೆಸರಿಟ್ಟಿವೆ. ಈ ಯೋಚನೆ ನನಗೆ ಕಂಚಿನ ಪ್ರತಿಮೆಗಳಿಗಿಂತ ಹೆಚ್ಚು ಇಷ್ಟ.

ಆದರೆ ಈ ನೆನಪಿನಲ್ಲಿ ಎಲ್ಲರಿಗೂ ಸಮನಾದ ಜಾಗವಿರಲಿಲ್ಲ. ಎರಡೂ ಮಹಾಯುದ್ಧಗಳಲ್ಲಿ ಹೋರಾಡಿದ ಮೂಲನಿವಾಸಿ ಯೋಧರು ಮರಳಿ ಬಂದಾಗ, ಇತರರಿಗೆ ಸಿಕ್ಕ ಎಷ್ಟೋ ಸವಲತ್ತುಗಳು ಅವರ ಪಾಲಿಗೆ ಬರಲಿಲ್ಲ. ತಮ್ಮವರಿಗಾಗಿ ನವೆಂಬರ್ 8ನ್ನು ಪ್ರತ್ಯೇಕವಾಗಿ ಆಚರಿಸುವ ರೂಢಿ 1994ರಲ್ಲಿ ವಿನ್ನಿಪೆಗ್ ನಗರದಲ್ಲಿ ಶುರುವಾಯಿತು. ಒಟ್ಟಾವದಲ್ಲಿ ಅವರ ರಾಷ್ಟ್ರೀಯ ಸ್ಮಾರಕ ಅನಾವರಣಗೊಂಡದ್ದು 2001ರಲ್ಲಿ. ಎರಡನೆಯ ಮಹಾಯುದ್ಧ ಮುಗಿದು ಆಗಲೇ 56 ವರ್ಷಗಳಾಗಿದ್ದವು.